ಶೂನ್ಯಾಗಾರದ ಬಾಗಿಲಲ್ಲಿ

ಕಳೆದ ವರ್ಷ ಬಿ.ಎ. ತರಗತಿಯಲ್ಲಿ ರಸಪ್ರಕರಣವನ್ನು ಪಾಠ ಹೇಳುತ್ತಿದ್ದೆ. ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರಗಳನ್ನು ಹೇಗೋ ದಾಟಿ ಭಯಾನಕಕ್ಕೆ ಬಂದಿದ್ದೆವು. ಪಾಠ ಹೇಳುವವರಿಗಾಗಲಿ ಕೇಳುವವರಿಗಾಗಲಿ ಇಷ್ಟು ಸಪ್ಪೆಯಾದ ರಸ ಇನ್ನೊಂದಿಲ್ಲ. ಶೃಂಗಾರಕ್ಕೆ ಉದಾಹರಣೆ ಕೊಡಲು ಹೊರಟರೆ ತರಗತಿ ತಾನಾಗಿಯೇ ಕಿವಿ ನಿಮಿರಿಸಿ ಕುಳಿತುಕೊಳ್ಳುತ್ತದೆ. ಭಯಾನಕಕ್ಕಾದರೋ ಎಷ್ಟು ಹುಲಿಗಳನ್ನು, ಎಷ್ಟು ಪಿಶಾಚಿಗಳನ್ನು ತಂದು ನಿಲ್ಲಿಸಿದರೂ ಆಕಳಿಕೆ ನಿಲ್ಲುವುದಿಲ್ಲ. ಭರತಮುನಿ ಈ ರಸಕ್ಕೆ ಹೇಳಿರುವ ವಿಭಾವಗಳಲ್ಲಿ ಕೆಲವನ್ನು, ಎಂದರೆ ವಿಕಾರವಾದ ಸದ್ದು, ನರಿ ಗೂಬೆಗಳ ಅಂಜಿಕೆ, ಶೂನ್ಯಾಗಾರ, ಅರಣ್ಯ ಮುಂತಾದುವನ್ನು ಹಲಗೆಯ ಮೇಲೆ ಬರೆದೆ. ಕಥೆಯು ಕ್ರಮವಾಗಿ ಬೆಳೆದು ಬಂದಾಗ ಮಾತ್ರ ಇವು ರಸಕ್ಕೆ ಕಾರಣವಾಗುತ್ತವೆಂದು ಹೇಳಿ ಮುಗಿಸುವುದರಲ್ಲಿದ್ದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಕಥೆ ಇರಲೇಬೇಕಾ? ದೆವ್ವದ ಸಿನಿಮಾದ ಟ್ರೇಲರ್ ನೋಡಿದರೆ ಕಥೆ ಏನೂ ಗೊತ್ತಾಗಲ್ಲ. ಆದರೂ ಹೆದರಿಕೆ ಆಗುತ್ತಲ್ಲ?"

"ಅದು ವ್ಯಾಪಾರ, ಅದರಲ್ಲಿ ರಸ ಎಲ್ಲಿಂದ ಬರಬೇಕು? ಕೂತುಕೊಳ್ಳಪ್ಪ" ಎಂದೆ. ತರಗತಿ ನಕ್ಕಿತು. ಹುಡುಗ ಕೂತ. ನಾನು ಗೆದ್ದೆ.

ಮನೆಗೆ ಬಂದ ಮೇಲೆ ಆ ಗೆಲುವು ಗೆಲುವೆಂದು ತೋರಲಿಲ್ಲ. ಹುಡುಗ ಕೇಳಿದ್ದು ನಿಜವಾದ ಪ್ರಶ್ನೆ. ನಾನು ಕೊಟ್ಟದ್ದು ಉತ್ತರವೇ ಅಲ್ಲ. ಅಂದಿನ ರಾತ್ರಿಯಿಂದ ಹಿಡಿದು ಹಲವು ವಾರಗಳ ಕಾಲ, ಪ್ರಾಯಶಃ ಕನ್ನಡ ಅಧ್ಯಾಪಕನೊಬ್ಬ ನೋಡಬಾರದಷ್ಟು ಟ್ರೇಲರುಗಳನ್ನು ನಾನು ನೋಡಿದೆ. ಮನೆಯವರು ಮೊದಮೊದಲು ಜೊತೆಗೆ ಕೂರುತ್ತಿದ್ದರು. ಆಮೇಲೆ ಆ ಕೋಣೆಯ ಬಾಗಿಲನ್ನು ಮುಚ್ಚಿಕೊಳ್ಳಬೇಕೆಂದು ಅಪ್ಪಣೆಯಾಯಿತು.

ಟ್ರೇಲರು ಎಂಬ ಮಾತಿನಲ್ಲಿಯೇ ಒಂದು ವಿಚಿತ್ರವಿದೆ. ಅದರ ಅರ್ಥ ಹಿಂದೆ ಬರುವುದು, ಬಾಲದಂತೆ ಎಳೆದುಕೊಂಡು ಬರುವುದು ಎಂದು. ಈಗ ಚಿತ್ರಕ್ಕೆ ಮೊದಲು ತೋರಿಸುವ ಈ ತುಣುಕನ್ನು ಹಿಂದೆ ಚಿತ್ರದ ಕೊನೆಗೆ ಅಂಟಿಸುತ್ತಿದ್ದರು. 1913ರಲ್ಲಿ ಅಮೆರಿಕದ ಲೋ ಚಿತ್ರಮಂದಿರಗಳ ಪ್ರಚಾರಾಧಿಕಾರಿಯಾಗಿದ್ದ ನಿಲ್ಸ್ ಗ್ರಾನ್‌ಲಂಡ್ ಎಂಬಾತ ನ್ಯೂಯಾರ್ಕಿನ ಸಂಗೀತ ನಾಟಕವೊಂದರ ಪ್ರಚಾರಕ್ಕಾಗಿ ಒಂದು ಕಿರುಚಿತ್ರ ಮಾಡಿದ. ಇದೇ ಮೊದಲನೆಯದೆಂದು ಹೇಳುವವರಿದ್ದಾರೆ. ಅದೇ ವರ್ಷದ ಕೊನೆಯಲ್ಲಿ ಆರಂಭವಾದ 'ದಿ ಅಡ್ವೆಂಚರ್ಸ್ ಆಫ್ ಕ್ಯಾಥ್ಲಿನ್' ಎಂಬ ಧಾರಾವಾಹಿ ಚಿತ್ರದ ಕಂತಿನ ಕೊನೆಯಲ್ಲಿ ನಾಯಿಕೆಯನ್ನು ಸಿಂಹಗಳ ಬಾಯಿಗೆ ಬಿಟ್ಟು, ಮುಂದೇನಾಯಿತೆಂದು ಮುಂದಿನ ವಾರ ಬಂದು ನೋಡಿರೆಂದು ಬರೆಹ ತೋರಿಸುತ್ತಿದ್ದರೆಂದು ಇನ್ನು ಕೆಲವರು ಅದಕ್ಕೆ ಪಟ್ಟ ಕಟ್ಟುತ್ತಾರೆ. ಈ ಕಥೆ ನಡೆಯುವುದು ಭಾರತದ ಒಂದು ಕಲ್ಪಿತ ಸಂಸ್ಥಾನದಲ್ಲಿ! ಅಮೆರಿಕದವರಿಗೆ ಅಂದು ಭಯವೆಂದರೆ ನಮ್ಮ ದೇಶವೇ ನೆನಪಾಗುತ್ತಿತ್ತೋ ಏನೋ. ಚಿತ್ರ ಮುಗಿದ ಮೇಲೆ ಜನ ಎದ್ದುಹೋಗುತ್ತಾರೆಂಬ ಸರಳ ಸತ್ಯ ಗೊತ್ತಾದ ಕೂಡಲೆ ಬಾಲ ಮುಂದಕ್ಕೆ ಬಂತು. ಹೆಸರು ಮಾತ್ರ ಹಿಂದೆಯೇ ಉಳಿಯಿತು. 1920ರ ಸುಮಾರಿನಿಂದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಸಂಸ್ಥೆ ಇದನ್ನು ಒಂದು ಕಸುಬನ್ನಾಗಿ ಬೆಳೆಸಿತು. ದೊಡ್ಡ ದೊಡ್ಡ ಅಕ್ಷರಗಳು, ಆಶ್ಚರ್ಯಚಿಹ್ನೆಗಳು, ಗುಡುಗುವ ಕಂಠ — ನಮ್ಮ ಜಾತ್ರೆಯ ಡೇರೆಯ ಮುಂದೆ ನಿಂತು ಕೂಗುವವನ ವಿದ್ಯೆಯೇ ಅಲ್ಲಿ ತೆರೆಯ ಮೇಲೆ ಬಂದದ್ದು. 1931ರ 'ಫ್ರಾಂಕೆನ್‌ಸ್ಟೈನ್' ಚಿತ್ರದ ಆರಂಭದಲ್ಲಿಯಂತೂ ಎಡ್ವರ್ಡ್ ವ್ಯಾನ್ ಸ್ಲೋನ್ ಎಂಬ ನಟ ಪರದೆ ಸರಿಸಿಕೊಂಡು ಬಂದು, ಮುಂದೆ ಕಾಣುವುದನ್ನು ತಾಳಲಾರದವರಿಗೆ ಇದೇ ಸಮಯ ಎನ್ನುವ ಅರ್ಥದಲ್ಲಿ ಎಚ್ಚರಿಕೆ ಕೊಡುತ್ತಾನೆ. ನಮ್ಮ ಸೂತ್ರಧಾರ ಸಭೆಯನ್ನು ಒಲಿಸಿಕೊಳ್ಳಲು ಬಂದರೆ, ಈತ ಬರುವುದು ಸಭೆಯನ್ನು ಓಡಿಸಲು. ಸಭೆ ಓಡುವುದಿಲ್ಲವೆಂಬುದು ಅವನಿಗೂ ಗೊತ್ತು.

ಭಯ ಕೂಗಿನಲ್ಲಿಲ್ಲ, ಕೂಗಿಗೆ ಮೊದಲಿನ ಕ್ಷಣದಲ್ಲಿದೆ ಎಂಬುದನ್ನು ಕಂಡುಕೊಂಡವರಲ್ಲಿ ವಾಲ್ ಲ್ಯೂಟನ್ ಎಂಬ ನಿರ್ಮಾಪಕನ ಬಳಗ ಮುಖ್ಯವಾದುದು. ಆತನ 1942ರ 'ಕ್ಯಾಟ್ ಪೀಪಲ್' ಅಗ್ಗದ ಚಿತ್ರ. ಭಯಂಕರವಾದ ಮೃಗವನ್ನು ತೋರಿಸುವಷ್ಟು ಹಣವಿಲ್ಲ. ಅದರಲ್ಲಿ ಒಬ್ಬ ಹೆಂಗಸು ರಾತ್ರಿ ಉದ್ಯಾನದ ಗೋಡೆಯ ಪಕ್ಕದಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ. ಹಿಂದೆ ಇನ್ನೊಂದು ಜೋಡಿ ಹೆಜ್ಜೆಗಳ ಟಕಟಕ ಸದ್ದು. ಸಂಕಲನಕಾರ ಮಾರ್ಕ್ ರಾಬ್ಸನ್ ಒಮ್ಮೆ ಈಕೆಯನ್ನು, ಒಮ್ಮೆ ಆಕೆಯನ್ನು, ಮತ್ತೆ ಈಕೆಯನ್ನು ತೋರಿಸುತ್ತಾನೆ. ಹಠಾತ್ತನೆ ಹಿಂದಿನ ಹೆಜ್ಜೆಗಳ ಸದ್ದು ನಿಂತುಹೋಗುತ್ತದೆ. ಅದು ನಿಂತದ್ದೇ ಭಯ. ಈಕೆ ಓಡುತ್ತಾಳೆ, ತಿರುಗಿ ನೋಡುತ್ತಾಳೆ. ಬುಸ್ಸೆಂದು ಮೃಗದಂತೆ ಸದ್ದು ಮಾಡುತ್ತ ತೆರೆಯ ಬದಿಯಿಂದ ನುಗ್ಗಿ ಬರುತ್ತದೆ — ಊರಿನ ಬಸ್ಸು! ಹುಲಿ ಇಲ್ಲ, ಚಿರತೆ ಇಲ್ಲ, ಮನೆಗೆ ಹೋಗುವವರನ್ನು ಹತ್ತಿಸಿಕೊಳ್ಳುವ ಬಸ್ಸು. ಚಿತ್ರರಂಗದವರು ಈ ಉಪಾಯಕ್ಕೆ ಇಂದಿಗೂ 'ಲ್ಯೂಟನ್ ಬಸ್ಸು' ಎಂದೇ ಹೇಳುತ್ತಾರೆ. ಈಚಿನ ಟ್ರೇಲರುಗಳಲ್ಲಿ ಸದ್ದೆಲ್ಲ ಅಡಗಿ, ತೆರೆ ಕಪ್ಪಾಗಿ, ನಾವು ಉಸಿರು ಬಿಡಬೇಕೆನ್ನುವಷ್ಟರಲ್ಲಿ ಮುಖವೊಂದು ಅರಚುತ್ತ ಎದುರಿಗೆ ಬರುತ್ತದೆಯಲ್ಲ, ಅದೆಲ್ಲ ಈ ಬಸ್ಸಿನ ಸಂತತಿ. ಸಂತತಿ ಬೆಳೆದಷ್ಟೂ ಬಡವಾಗಿದೆ ಎಂದು ನನ್ನ ಅಭಿಪ್ರಾಯ. ಲ್ಯೂಟನ್ನನ ಬಸ್ಸಿಗೆ ಮೊದಲು ಹೆಜ್ಜೆಗಳಿದ್ದುವು. ಇವರ ಬಸ್ಸು ಹೆಜ್ಜೆಗಳಿಲ್ಲದೆ ಬರುತ್ತದೆ.

ಆದರೆ ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿದ್ದು 1960ರ 'ಸೈಕೋ' ಚಿತ್ರದ ಟ್ರೇಲರು. ಅದು ಆರೂವರೆ ನಿಮಿಷದಷ್ಟು ಉದ್ದವಾದದ್ದು. ಅಷ್ಟು ಹೊತ್ತಿನಲ್ಲಿ ಚಿತ್ರದಿಂದ ತೆಗೆದ ಒಂದು ದೃಶ್ಯವನ್ನೂ ಅದು ತೋರಿಸುವುದಿಲ್ಲವೆಂದರೆ ಇಂದಿನವರು ನಂಬಲಿಕ್ಕಿಲ್ಲ. ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕನೇ ಸೂಟು ಧರಿಸಿ, ಹೊಟ್ಟೆ ಮುಂದೆ ಮಾಡಿಕೊಂಡು, ಖಾಲಿಯಾದ ವಸತಿಗೃಹದ ಮುಂದೆ ನಿಂತು, ಮಾರಾಟಕ್ಕಿರುವ ಮನೆಯನ್ನು ಗಿರಾಕಿಗಳಿಗೆ ತೋರಿಸುವ ದಳ್ಳಾಳಿಯಂತೆ ನಮ್ಮನ್ನು ಒಳಕ್ಕೆ ಕರೆದುಕೊಂಡು ಹೋಗುತ್ತಾನೆ. ಹಿನ್ನೆಲೆಯಲ್ಲಿ ವನಭೋಜನಕ್ಕೆ ಹೊರಟವರಿಗೆ ಒಪ್ಪುವಂಥ ಹಗುರವಾದ ಸಂಗೀತ. ಗುಡ್ಡದ ಮೇಲಿನ ಹಳೆಯ ಮನೆಗೆ ಹೋಗಿ ಮೆಟ್ಟಿಲುಗಳನ್ನು ತೋರಿಸುತ್ತಾನೆ: ಇಲ್ಲಿ ಎರಡನೆಯ ಕೊಲೆ ನಡೆಯಿತು. ಬಿದ್ದವನ ದೇಹ ಹೇಗೆ ತಿರುಚಿಕೊಂಡಿತ್ತೆಂದು ಕೈಗಳಿಂದ ತೋರಿಸಹೋಗಿ, ವರ್ಣಿಸುವುದು ಕಷ್ಟವೆಂದು ಅರ್ಧಕ್ಕೇ ಬಿಟ್ಟುಬಿಡುತ್ತಾನೆ. ಗೋಡೆಯ ಮೇಲಿನ ಚಿತ್ರವೊಂದರ ಮುಂದೆ ನಿಂತು, ಇದು ಬಹಳ ಮುಖ್ಯವಾದದ್ದು, ಏಕೆಂದರೆ — ಎಂದು ಆರಂಭಿಸಿ, ಬೇಡ, ಒಂದನೆಯ ಕೋಣೆಗೆ ಹೋಗೋಣ ಎನ್ನುತ್ತಾನೆ. ಕೊನೆಗೆ ಸ್ನಾನದ ಮನೆ. ಈಗ ಎಲ್ಲವನ್ನೂ ತೊಳೆದು ಶುಭ್ರ ಮಾಡಿದ್ದಾರೆ, ಆಗ ನೋಡಬೇಕಾಗಿತ್ತು ಎಂಬ ಧಾಟಿಯಲ್ಲಿ ನಿಟ್ಟುಸಿರು ಬಿಟ್ಟು ಪರದೆಯನ್ನು ಸರ್ರನೆ ಸರಿಸುತ್ತಾನೆ. ಒಬ್ಬ ಹೆಂಗಸಿನ ಮುಖ, ಕಿರುಚಾಟ, ಬರ್ನಾರ್ಡ್ ಹರ್ಮನ್ನನ ತಂತಿವಾದ್ಯಗಳ ಕರ್ಕಶ ಧ್ವನಿ, ಚಿತ್ರದ ಹೆಸರು. ಅಷ್ಟೆ.

ಇಲ್ಲಿ ಭಯ ಹುಟ್ಟುವುದು ಎಲ್ಲಿಂದ? ನೋಡುವುದಕ್ಕೆ ಅಲ್ಲಿ ಏನೂ ಇಲ್ಲ. ಮೆಟ್ಟಿಲು, ಮಂಚ, ಬಚ್ಚಲು. ಎಲ್ಲ ನಮ್ಮ ಮನೆಯಲ್ಲಿರುವಂಥವೇ. ಹಿಚ್‌ಕಾಕ್ ಒಂದೊಂದು ವಸ್ತುವಿನ ಮುಂದೂ ಒಂದೊಂದು ವಾಕ್ಯವನ್ನು ಮುರಿಯುತ್ತಾನೆ. ಮುರಿದ ವಾಕ್ಯವನ್ನು ಪೂರ್ತಿ ಮಾಡುವವರು ನಾವು. ಅವನು 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋನೊಡನೆ ಮಾತನಾಡುವಾಗ ಹೇಳಿದ ಮೇಜಿನ ಕೆಳಗಿನ ಬಾಂಬಿನ ದೃಷ್ಟಾಂತ ಪ್ರಸಿದ್ಧವಾಗಿದೆ: ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡುಗಳ ಬೆರಗು, ಬಾಂಬು ಅಲ್ಲಿದೆಯೆಂದು ಅವನಿಗೆ ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷಗಳ ತಳಮಳ. ಆ ಟ್ರೇಲರು ಮಾಡುವುದು ಅದನ್ನೇ. ಸ್ನಾನದ ಮನೆಯ ಮೇಜಿನ ಕೆಳಗೆ ಬಾಂಬಿಟ್ಟು, ಟಿಕೆಟ್ಟು ಕೊಂಡು ಒಳಗೆ ಬನ್ನಿ ಎನ್ನುತ್ತದೆ. ಚಿತ್ರದಲ್ಲಿ ಆ ಕೊಲೆ ನಡೆಯುವುದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಅದನ್ನು ಚಿತ್ರಿಸುವುದಕ್ಕೆ ಏಳು ದಿನ ಹಿಡಿಯಿತು. ಸಂಕಲನಕಾರ ಜಾರ್ಜ್ ಟೋಮಾಸಿನಿ ಹತ್ತಾರು ತುಣುಕುಗಳನ್ನು ಕಣ್ಣು ಮಿಟುಕಿಸುವ ವೇಗದಲ್ಲಿ ಪೋಣಿಸಿದ್ದಾನೆ. ಕತ್ತರಿಯ ಅಂಥ ಪ್ರತಾಪವಿದ್ದೂ ಟ್ರೇಲರಿನಲ್ಲಿ ಅದನ್ನು ಮುಟ್ಟಲಿಲ್ಲವೆಂಬುದೇ ಅವನ ಹೆಚ್ಚುಗಾರಿಕೆ.

ಇನ್ನೊಂದು ಸಣ್ಣ ಮೋಸವೂ ಅಲ್ಲಿದೆ. ಪರದೆಯ ಹಿಂದೆ ಕಿರುಚುವವಳು ಚಿತ್ರದಲ್ಲಿ ಅಲ್ಲಿ ಸಾಯುವ ಜಾನೆಟ್ ಲೀ ಅಲ್ಲ. ಚಿತ್ರದಲ್ಲಿ ಆಕೆಯ ತಂಗಿಯಾಗಿ ನಟಿಸಿದ ವೆರಾ ಮೈಲ್ಸ್, ಕೃತಕ ಕೂದಲು ಧರಿಸಿ. ಇದನ್ನು ತಿಳಿದಾಗ ನನಗೆ ಮೊದಲು ಕೋಪ ಬಂತು. 'ವ್ಯಾಪಾರ' ಎಂದು ಹೇಳಿದ್ದು ಸರಿಯೇ ಆಯಿತಲ್ಲ ಎಂದುಕೊಂಡೆ. ಎರಡನೆಯ ಸಲ ನೋಡಿದಾಗ ಹಾಗೆನಿಸಲಿಲ್ಲ. ಕಥೆಯ ಗುಟ್ಟನ್ನು ಕಾಪಾಡುವುದಕ್ಕಾಗಿ ಹಿಚ್‌ಕಾಕ್ ಆಗ ಪಟ್ಟ ಪಾಡು ಅಷ್ಟಿಷ್ಟಲ್ಲ. ಚಿತ್ರ ಆರಂಭವಾದ ಮೇಲೆ ಯಾರನ್ನೂ ಒಳಕ್ಕೆ ಬಿಡಬಾರದೆಂದು ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿದ್ದ. ಬೇಕೆಂದಾಗ ಒಳಹೊಕ್ಕು ನಡುವಿನಿಂದ ನೋಡುವುದು ಅಲ್ಲಿ ಅಂದಿನವರೆಗೂ ವಾಡಿಕೆಯಾಗಿತ್ತು. ಇಂದು ಎರಡೂವರೆ ನಿಮಿಷದ ಟ್ರೇಲರು ನೋಡಿದವನಿಗೆ ಕಥೆಯ ಮುಕ್ಕಾಲು ಪಾಲು ಕೈಗೆ ಬಂದಿರುತ್ತದೆ. ಸುಳ್ಳು ಹೇಳಿದ ಹಿಚ್‌ಕಾಕ್ ಪ್ರೇಕ್ಷಕನ ಆಸ್ತಿಯನ್ನು ಉಳಿಸಿದ. ನಿಜ ಹೇಳುವ ಇವರು ಅದನ್ನು ಬಾಗಿಲಲ್ಲೇ ಸೂರೆ ಮಾಡಿಬಿಡುತ್ತಾರೆ.

ಮುಂದೆ ಇಪ್ಪತ್ತು ವರ್ಷಗಳೊಳಗೆ ಎರಡು ಟ್ರೇಲರುಗಳು ಎರಡು ಬೇರೆ ದಾರಿ ಹಿಡಿದುವು. 1979ರ 'ಏಲಿಯನ್' ಚಿತ್ರದ್ದು ಪೂರ್ತಿ ಕತ್ತರಿಯ ಮಹಿಮೆ. ಅದರಲ್ಲಿ ಯಾರೂ ಮಾತಾಡುವುದಿಲ್ಲ. ಕಥೆ ಹೇಳುವ ಗಡಸು ಕಂಠವೂ ಇಲ್ಲ. ಮೊದಲು ಕತ್ತಲಲ್ಲಿ ನಿಧಾನವಾಗಿ ಒಂದು ಮೊಟ್ಟೆ. ಅದು ಬಿರಿದು ಒಳಗಿನಿಂದ ಬೆಳಕು. ಅನಂತರ ಅಪಾಯದ ಕಹಳೆಯಂಥ ಸದ್ದು ಮತ್ತೆ ಮತ್ತೆ ಮೊಳಗುತ್ತದೆ. ಓಡುವವರು, ಬೆದರಿದ ಕಣ್ಣುಗಳು, ಓಣಿಗಳು ಒಂದರ ಮೇಲೊಂದು ಬೀಳುತ್ತವೆ. ಷಾಟುಗಳು ಕಿರಿದಾಗುತ್ತ ಹೋದ ಹಾಗೆ ನಮ್ಮ ಉಸಿರೂ ಕಿರಿದಾಗುತ್ತದೆ. ಯಾವುದನ್ನು ಕಂಡು ಓಡುತ್ತಿದ್ದಾರೆ ಎಂಬುದು ಮಾತ್ರ ಕಾಣುವುದಿಲ್ಲ.

1980ರ 'ದಿ ಷೈನಿಂಗ್' ಚಿತ್ರಕ್ಕಾಗಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಕತ್ತರಿಯನ್ನೇ ಕೆಳಗಿಟ್ಟ. ಅವನ ಮೊದಲ ಟ್ರೇಲರಿನಲ್ಲಿರುವುದು ಒಂದೇ ಒಂದು ಷಾಟು. ಹೋಟೆಲಿನ ಮೊಗಸಾಲೆ, ಮುಚ್ಚಿದ ಎರಡು ಕೆಂಪು ಲಿಫ್ಟಿನ ಬಾಗಿಲುಗಳು, ಪಕ್ಕದಲ್ಲಿ ಕುರ್ಚಿಗಳು. ಕ್ಯಾಮರಾ ಅಲುಗುವುದಿಲ್ಲ. ನಟರ, ಚಿತ್ರದ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಸಾವಕಾಶವಾಗಿ ಏರಿಹೋಗುತ್ತಿವೆ. ಅಷ್ಟು ಹೊತ್ತೂ ಏನೂ ನಡೆಯದು. ಸಂಗೀತ ಮಾತ್ರ ಇರುವೆಯಂತೆ ಬೆನ್ನಮೇಲೆ ಹತ್ತುತ್ತದೆ. ಹೆಸರುಗಳು ಮುಗಿದ ಮೇಲೆ ಲಿಫ್ಟಿನ ಬಾಗಿಲ ಸಂದಿನಿಂದ ರಕ್ತ ಪ್ರವಾಹವಾಗಿ, ಆದರೆ ಕನಸಿನಲ್ಲಿರುವಂತೆ ಮೆಲ್ಲಮೆಲ್ಲನೆ ಹರಿದು ಬಂದು, ಕುರ್ಚಿಗಳನ್ನು ತೇಲಿಸಿ, ನಮ್ಮ ಕಣ್ಣಿಗೇ ಬಂದು ಬಡಿಯುತ್ತದೆ. ಟ್ರೇಲರುಗಳಲ್ಲಿ ರಕ್ತ ತೋರಿಸಬಾರದೆಂಬ ಕಟ್ಟುಪಾಡಿದ್ದುದರಿಂದ ಅದು ತುಕ್ಕು ಹಿಡಿದ ನೀರೆಂದು ಕ್ಯೂಬ್ರಿಕ್ ಅಧಿಕಾರಿಗಳನ್ನು ಒಪ್ಪಿಸಿದನೆಂದು ಹೇಳುತ್ತಾರೆ.

ಶೂನ್ಯಾಗಾರ! ಹಲಗೆಯ ಮೇಲೆ ಬರೆದು ನಾನೇ ಅಳಿಸಿಹಾಕಿದ್ದ ಶಬ್ದ. ಹಿಚ್‌ಕಾಕನ ಖಾಲಿ ಮನೆ, ಕ್ಯೂಬ್ರಿಕ್ಕನ ಖಾಲಿ ಮೊಗಸಾಲೆ ಇವೆರಡೂ ಅದಲ್ಲದೆ ಮತ್ತೇನು? ವಿಭಾವಗಳ ಮಾತು ಇದಾದರೆ, ಅನುಭಾವಗಳ ಪ್ರಯೋಗವೂ ಆಮೇಲೆ ಆಯಿತು. 2007ರಲ್ಲಿ ತೀರ ಕಡಮೆ ಖರ್ಚಿನಲ್ಲಿ ತಯಾರಾಗಿ 2009ರಲ್ಲಿ ಎಲ್ಲೆಡೆ ಬಿಡುಗಡೆಯಾದ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಎಂಬ ಚಿತ್ರದ ಟ್ರೇಲರಿನಲ್ಲಿ, ಚಿತ್ರವನ್ನು ನೋಡುತ್ತಿರುವ ಪ್ರೇಕ್ಷಕರನ್ನೇ ಕತ್ತಲಲ್ಲಿ ಕಾಣುವ ಕ್ಯಾಮರಾದಿಂದ ಹಿಡಿದು ತೋರಿಸಿದರು. ಕುರ್ಚಿಯಿಂದ ಹಾರುವವರು, ಮುಖ ಮುಚ್ಚಿಕೊಳ್ಳುವವರು, ಪಕ್ಕದವರ ತೋಳು ಹಿಡಿಯುವವರು. ಕೈಕಾಲುಗಳ ನಡುಕ, ಕಣ್ಣುಗಳ ಚಾಂಚಲ್ಯ ಎಂದು ಭರತನು ನಟನಿಗೆ ವಿಧಿಸಿದ್ದನ್ನು ಸಭೆಯವರೇ ಸಂಬಳವಿಲ್ಲದೆ ಅಭಿನಯಿಸಿಕೊಟ್ಟರು. ಜಾಣತನವೇನೋ ಹೌದು. ನನಗೆ ಮಾತ್ರ ಅದನ್ನು ನೋಡಿದಾಗ ಭಯವಾಗಲಿಲ್ಲ. ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದಂತಾಯಿತು.

ಇನ್ನು ಹುಡುಗನ ಪ್ರಶ್ನೆ. ಅದಕ್ಕೆ ಉತ್ತರ ನನ್ನ ಪಠ್ಯದಲ್ಲಿಯೇ ಇತ್ತು. ಒಂಬತ್ತನೆಯ ಶತಮಾನದ ಆನಂದವರ್ಧನನು ಅಮರುಕ ಕವಿಯ ಬಿಡಿ ಪದ್ಯಗಳನ್ನು ಕುರಿತು, ಒಂದೊಂದೂ ಒಂದು ಪ್ರಬಂಧದಷ್ಟು ರಸ ಸುರಿಸುತ್ತದೆಂದು ಒಪ್ಪಿದ್ದಾನೆ. ಮುಕ್ತಕಕ್ಕೆ ಹಿಂದು ಮುಂದಿನ ಕಥೆ ಬೇಕಾಗಿಲ್ಲ. ಸಹೃದಯನೇ ಅದನ್ನು ಕಟ್ಟಿಕೊಳ್ಳುತ್ತಾನೆ. ಕ್ಯೂಬ್ರಿಕ್ಕನ ಆ ಒಂದೇ ಷಾಟು ಮುಕ್ತಕವೇ. ಹಾಗಾದರೆ ನಾನು ಹೇಳಿದ ವ್ಯಾಪಾರದ ಮಾತೆಲ್ಲ ಸುಳ್ಳೆ? ಪೂರ್ತಿಯಾಗಿ ಹಾಗೆನ್ನಲಾರೆ. ಅಮರುಕನ ಪದ್ಯ ತನ್ನಲ್ಲಿಯೇ ಮುಗಿಯುತ್ತದೆ, ಅದನ್ನು ಓದಿದವನು ಇನ್ನೇನನ್ನೂ ಕೊಳ್ಳಬೇಕಾಗಿಲ್ಲ. ಟ್ರೇಲರಿನ ಕೊನೆಯಲ್ಲಿ ಬಿಡುಗಡೆಯ ದಿನಾಂಕ ಬರುತ್ತದೆ. ಈ ವ್ಯತ್ಯಾಸ ಸಣ್ಣದೆಂದು ನನಗಿನ್ನೂ ಅನ್ನಿಸಿಲ್ಲ.

ಹುಡುಗನನ್ನು ಕರೆದು, "ಅಂದು ನಾನು ಹೇಳಿದ್ದು ತಪ್ಪಪ್ಪ" ಎಂದೆ. ಅವನು ಗಾಬರಿಯಾಗಿ, "ಪರವಾಗಿಲ್ಲ ಸಾರ್, ನನಗೆ ಮರೆತೇ ಹೋಗಿತ್ತು" ಎಂದ. ಆದರೂ ಬಿಡದೆ, ಮಾರನೆಯ ದಿನ ಕಿಟಕಿಗಳಿಗೆ ಪರದೆ ಎಳೆಸಿ ತರಗತಿಗೆ 'ಸೈಕೋ' ಟ್ರೇಲರನ್ನು ತೋರಿಸಿದೆ. ಮೊದಲು ಹಿಚ್‌ಕಾಕನ ಹೊಟ್ಟೆಯನ್ನು ನೋಡಿ ನಕ್ಕರು. ಮೆಟ್ಟಿಲುಗಳ ಹತ್ತಿರ ನಗು ಸಣ್ಣದಾಯಿತು. ಸ್ನಾನದ ಮನೆಗೆ ಬಂದಾಗ ಯಾರ ಸದ್ದೂ ಇರಲಿಲ್ಲ. ಅವನು ಪರದೆಯ ಕಡೆ ಕೈ ಚಾಚಿದ್ದಾನೆ, ಇನ್ನೂ ಮುಟ್ಟಿಲ್ಲ. ಅಷ್ಟರಲ್ಲಿ ಓಣಿಯಲ್ಲಿ ನಮ್ಮ ಜವಾನ ಅವಧಿ ಮುಗಿದ ಗಂಟೆಯನ್ನು ಢಣ್ ಎಂದು ಬಾರಿಸಿದ. ಮುಂದಿನ ಸಾಲಿನ ಮೂವರು ಬೆಂಚಿನಿಂದ ಹಾರಿದರು. ನನ್ನ ಕೈಯಲ್ಲಿದ್ದ ಹಾಜರಿ ಪುಸ್ತಕವೂ ಕೆಳಗೆ ಬಿತ್ತು.