ಔದ್ಯೋಗಿಕ ಚಿಕಿತ್ಸೆ: ವೃತ್ತಿಧರ್ಮದ ನಿಯಮಗಳು

ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದವರು ಮತ್ತೆ ತಾವೇ ಅನ್ನ ಕಲಸಿ ಉಣ್ಣುವಂತೆ, ಬೆಳವಣಿಗೆ ಕುಂಠಿತಗೊಂಡ ಮಗು ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವಂತೆ, ಮನೋರೋಗದಿಂದ ನರಳಿದವರು ಎಂದಿನ ದಿನಚರಿಗೆ ಮರಳುವಂತೆ ಮಾಡುವ ಶಾಸ್ತ್ರವೇ ಔದ್ಯೋಗಿಕ ಚಿಕಿತ್ಸೆ ಅಥವಾ ಆಕ್ಯುಪೇಷನಲ್ ಥೆರಪಿ. ಹೆಸರಿನಲ್ಲಿ ಉದ್ಯೋಗವಿರುವುದರಿಂದ ಇದು ನೌಕರಿ ಕೊಡಿಸುವ ವ್ಯವಸ್ಥೆಯೆಂದು ಭಾವಿಸುವವರು ಇಂದಿಗೂ ಇದ್ದಾರೆ. ಇಲ್ಲಿ ಉದ್ಯೋಗವೆಂದರೆ ಸ್ನಾನದಿಂದ ಹಿಡಿದು ರಂಗೋಲಿಯವರೆಗೆ ಮನುಷ್ಯ ನಿತ್ಯ ಮಾಡುವ ಎಲ್ಲ ಕೆಲಸ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ 1917ರಲ್ಲಿ ಈ ವೃತ್ತಿಯ ಮೊದಲ ರಾಷ್ಟ್ರೀಯ ಸಂಘ ರೂಪುಗೊಂಡಿತು. ಭಾರತದಲ್ಲಿ ಇದರ ಶಿಕ್ಷಣಕ್ಕೆ ಅಡಿಪಾಯ ಹಾಕಿದವರು ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್. ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಅವರ ಶ್ರಮದಿಂದ ಶಾಲೆ ಆರಂಭವಾಯಿತು. 1952ರಲ್ಲಿ ಅಖಿಲ ಭಾರತ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಹತ್ತು ಸ್ಥಾಪಕ ರಾಷ್ಟ್ರಗಳಲ್ಲಿ ಭಾರತವೂ ಒಂದು.

ವಿಶ್ವ ಒಕ್ಕೂಟವೂ ಹಲವು ರಾಷ್ಟ್ರಗಳ ಸಂಘಗಳೂ ತಮ್ಮದೇ ನೀತಿಸಂಹಿತೆಗಳನ್ನು ರೂಪಿಸಿಕೊಂಡಿವೆ. ಅಮೆರಿಕದ ಸಂಘವು 2020ರಲ್ಲಿ ಪರಿಷ್ಕರಿಸಿದ ಸಂಹಿತೆಯು ಆರು ಸೂತ್ರಗಳನ್ನು ಹೇಳುತ್ತದೆ: ರೋಗಿಗೆ ಹಿತವನ್ನುಂಟುಮಾಡುವುದು, ಕೇಡು ಮಾಡದಿರುವುದು, ಅವರ ಸ್ವನಿರ್ಣಯವನ್ನು ಗೌರವಿಸುವುದು, ನ್ಯಾಯ, ಸತ್ಯಪರತೆ ಮತ್ತು ವೃತ್ತಿನಿಷ್ಠೆ. ಇವುಗಳನ್ನು ಓದಿದಾಗ ಯಾರಿಗೂ ತಕರಾರಿರದು. ಒಂದು ಸೂತ್ರ ಇನ್ನೊಂದಕ್ಕೆ ಅಡ್ಡಬಂದಾಗಲೇ ತೊಡಕು ಶುರುವಾಗುವುದು.

ಒಂದು ಉದಾಹರಣೆಯನ್ನು ನೋಡೋಣ. ಬಲಭಾಗದ ಸ್ವಾಧೀನ ಕಳೆದುಕೊಂಡ ಅರವತ್ತರ ಗೃಹಿಣಿಯೊಬ್ಬರು ಇದ್ದಾರೆಂದಿಟ್ಟುಕೊಳ್ಳಿ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣಲು ಕಲಿಸಿದರೆ ಕೆಲವೇ ವಾರಗಳಲ್ಲಿ ಅವರು ಪರಾವಲಂಬನೆಯಿಂದ ಪಾರಾಗಬಹುದು. ಆದರೆ ಪಂಕ್ತಿಯಲ್ಲಿ ಎಡಗೈಯಿಂದ ಉಣ್ಣುವುದಕ್ಕಿಂತ ಮಗಳ ಕೈಯಿಂದ ತುತ್ತು ತಿನ್ನುವುದೇ ಅವರಿಗೆ ಲೇಸೆನಿಸುತ್ತದೆ. ಮಗನಿಗೆ ತಾಯಿ ಮೊದಲು ನಡೆಯುವಂತಾಗಬೇಕು. ಆಕೆಗೋ ಒಲೆಯ ಮುಂದೆ ಕುಳಿತು ಒಂದು ರೊಟ್ಟಿ ತಟ್ಟಬೇಕೆಂಬ ಆಸೆ. ಚಿಕಿತ್ಸೆಯ ಗುರಿಯನ್ನು ನಿರ್ಧರಿಸಬೇಕಾದವರು ಯಾರು? ಸ್ವನಿರ್ಣಯದ ಸೂತ್ರದಂತೆ ಆ ಗೃಹಿಣಿಯೇ. ನಮ್ಮ ಆಸ್ಪತ್ರೆಗಳಲ್ಲಿ ಪ್ರಶ್ನೆಯನ್ನು ಕೇಳುವುದು ಮಾತ್ರ ಸಾಮಾನ್ಯವಾಗಿ ಪಕ್ಕದಲ್ಲಿ ನಿಂತ ಮಗನನ್ನು. ಮನೆಮಂದಿಯ ಸಹಕಾರವಿಲ್ಲದೆ ಇಲ್ಲಿ ಯಾವ ಚಿಕಿತ್ಸೆಯೂ ಸಾಗದೆಂಬುದು ನಿಜ. ಆದರೂ ಮಾತನಾಡಬಲ್ಲ ರೋಗಿಯನ್ನು ಬಿಟ್ಟು ಮನೆಯವರೊಡನೆ ಗುರಿ ಗೊತ್ತುಮಾಡುವುದು ಸಂಹಿತೆಗೆ ವಿರುದ್ಧ. ಮಾತು ಬಿದ್ದುಹೋದವರಾದರೆ ಚಿತ್ರ ತೋರಿಸಿ, ಸನ್ನೆಯಿಂದಲಾದರೂ ಇಷ್ಟವನ್ನು ತಿಳಿಯಬೇಕು.

ಕೇಡು ಮಾಡದಿರುವ ಸೂತ್ರವು ಈ ವೃತ್ತಿಯಲ್ಲಿ ಅತಿ ಸಣ್ಣ ವಿಷಯಗಳಲ್ಲಿ ಅಡಗಿದೆ. ಕೈಗೆ ಕಟ್ಟುವ ಸ್ಪ್ಲಿಂಟ್ ತುಸು ಬಿಗಿಯಾದರೂ ಚರ್ಮ ಕೆಂಪೇರಿ ಹುಣ್ಣಾಗಬಹುದು. ಕುಷ್ಠದಿಂದಲೋ ಮಧುಮೇಹದಿಂದಲೋ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಆ ನೋವೂ ತಿಳಿಯದು. ಆದುದರಿಂದ ಸ್ಪ್ಲಿಂಟ್ ತೆಗೆದು ಚರ್ಮವನ್ನು ಪರೀಕ್ಷಿಸುವುದನ್ನು ಮನೆಯವರಿಗೆ ಕಲಿಸದೆ ಕಳುಹಿಸಿಕೊಡುವುದು ನೀತಿಲೋಪವೇ ಸರಿ. ಸ್ನಾನ, ಉಡುಪು, ಶೌಚದ ತರಬೇತಿಯಲ್ಲಿ ದೇಹವನ್ನು ಮುಟ್ಟುವ ಮುನ್ನ ಒಪ್ಪಿಗೆ ಪಡೆಯುವುದು, ಪರದೆ ಎಳೆಯುವುದು, ಮಹಿಳೆ ಬಯಸಿದಲ್ಲಿ ಮಹಿಳಾ ಚಿಕಿತ್ಸಕರನ್ನು ಒದಗಿಸುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಇತಿಹಾಸದ ಕಹಿ ಹೆಚ್ಚಾಗಿರುವುದು ಮಾನಸಿಕ ಆಸ್ಪತ್ರೆಗಳಲ್ಲಿ. ನೇಯ್ಗೆ, ಬುಟ್ಟಿ ಹೆಣೆಯುವುದು, ತೋಟಗಾರಿಕೆಗಳು ಮನಸ್ಸಿಗೆ ಹಿತವೆಂಬ ಅರಿವು ಈ ವೃತ್ತಿಯ ಮೂಲಗಳಲ್ಲೊಂದು. ಆದರೆ ಅದೇ ಹೆಸರಿನಲ್ಲಿ ರೋಗಿಗಳಿಂದ ಅಡುಗೆಮನೆ, ಬಟ್ಟೆ ಒಗೆಯುವ ಕೊಠಡಿ, ಹೊಲಗಳ ದುಡಿಮೆಯನ್ನು ಬಿಟ್ಟಿಯಾಗಿ ಮಾಡಿಸಿಕೊಂಡ ಸಂಸ್ಥೆಗಳು ಹಲವು ದೇಶಗಳಲ್ಲಿದ್ದವು. ಚಿಕಿತ್ಸೆ ಎಲ್ಲಿ ಮುಗಿದು ಬಿಟ್ಟಿಚಾಕರಿ ಎಲ್ಲಿ ಆರಂಭವಾಗುತ್ತದೆ? ಆ ಕೆಲಸದಿಂದ ಲಾಭ ಯಾರಿಗೆ, ಬೇಡವೆನ್ನುವ ಹಕ್ಕು ರೋಗಿಗಿದೆಯೇ ಎಂಬುದೇ ಒರೆಗಲ್ಲು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 20ನೇ ಕಲಮು ಈ ಗೊಂದಲಕ್ಕೆ ತೆರೆ ಎಳೆಯಿತು. ಅದರಂತೆ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಯಾರನ್ನೂ ಬಲವಂತದಿಂದ ದುಡಿಸುವಂತಿಲ್ಲ. ದುಡಿದರೆ ತಕ್ಕ ಸಂಭಾವನೆ ಕೊಡಬೇಕು. ರೋಗದ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕನ್ನೂ ಅದೇ ಕಾಯಿದೆ ನೀಡಿದೆ. ಊರಿನ ಎಲ್ಲರಿಗೂ ಎಲ್ಲರ ಪರಿಚಯವಿರುವ ಕಡೆ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದು ಮನೆಭೇಟಿಗೆ ಹೋದವರಿಗೇ ಗೊತ್ತು. ಚಿಕಿತ್ಸಕರು ಬಂದರೆಂದರೆ ಜಗಲಿಯ ಮೇಲೆ ನೆರೆಹೊರೆಯವರೂ ಬಂದು ಕೂರುತ್ತಾರೆ!

ಸತ್ಯಪರತೆಯ ಪರೀಕ್ಷೆ ಈಗ ನಡೆಯುತ್ತಿರುವುದು ಹೆಚ್ಚಾಗಿ ಮಕ್ಕಳ ಚಿಕಿತ್ಸಾಕೇಂದ್ರಗಳಲ್ಲಿ. ಆಟಿಸಂ ಒಂದು ರೋಗದಂತೆ ಗುಣವಾಗುವಂಥದ್ದಲ್ಲ. ಮಗುವಿನ ದೈನಂದಿನ ಕೌಶಲವನ್ನು ಹೆಚ್ಚಿಸಬಹುದು, ಸುತ್ತಲಿನ ಪರಿಸರವನ್ನು ಅದಕ್ಕೆ ಒಗ್ಗುವಂತೆ ಮಾಡಬಹುದು. ಹೀಗಿದ್ದೂ ‘ಸಂಪೂರ್ಣ ಗುಣ’ದ ಭರವಸೆ ನೀಡಿ, ತಿಂಗಳುಗಟ್ಟಲೆ ಶುಲ್ಕವನ್ನು ಮುಂಗಡವಾಗಿ ಪಡೆಯುವುದು ತಂದೆತಾಯಿಯ ಆತಂಕವನ್ನು ಮಾರಾಟಕ್ಕಿಟ್ಟಂತೆ. ಪ್ರಗತಿಯನ್ನು ಅಳೆದು ಬರೆದಿಡುವುದು, ಪ್ರಯೋಜನವಾಗದಿದ್ದಲ್ಲಿ ಹಾಗೆಂದೇ ತಿಳಿಸುವುದು, ತನ್ನ ಪರಿಣತಿಗೆ ಮೀರಿದ್ದನ್ನು ಬೇರೆ ತಜ್ಞರಿಗೆ ಒಪ್ಪಿಸುವುದು ಚಿಕಿತ್ಸಕರ ಕರ್ತವ್ಯ. ಪೋಷಕರು ನಿಸ್ಸಂಕೋಚವಾಗಿ ಕೇಳಬಹುದಾದ ಪ್ರಶ್ನೆಯೊಂದಿದೆ: ಮೂರು ತಿಂಗಳ ಬಳಿಕ ನನ್ನ ಮಗು ಈಗ ಮಾಡಲಾಗದ ಯಾವ ಕೆಲಸವನ್ನು ಮಾಡುವ ನಿರೀಕ್ಷೆಯಿದೆ? ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಯೋಚಿಸಬೇಕಾದುದೇ.

ವೃತ್ತಿಸಂಘದ ಸಂಹಿತೆಯು ಸದಸ್ಯರಲ್ಲದವರನ್ನು ಕಟ್ಟಿಹಾಕಲಾರದು. ದೆಹಲಿಯು 1997ರಲ್ಲಿ, ಮಹಾರಾಷ್ಟ್ರವು 2002ರಲ್ಲಿ ತಮ್ಮದೇ ಪರಿಷತ್ತಿಗೆ ಕಾಯಿದೆ ಮಾಡಿಕೊಂಡವು. ಇಡೀ ದೇಶಕ್ಕೆ ಅನ್ವಯಿಸುವ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗದ ಕಾಯಿದೆ ಬಂದದ್ದು 2021ರಲ್ಲಿ. ಔದ್ಯೋಗಿಕ ಚಿಕಿತ್ಸೆಯೂ ಅದರ ವ್ಯಾಪ್ತಿಯಲ್ಲಿದೆ. ಚಿಕಿತ್ಸಕರ ಹೆಸರನ್ನು ನೋಂದಾಯಿಸುವುದು, ವೃತ್ತಿನಡತೆಯ ಉಲ್ಲಂಘನೆಯ ದೂರುಗಳನ್ನು ವಿಚಾರಿಸುವುದು ಆ ಕಾಯಿದೆಯಡಿ ರಾಜ್ಯ ಪರಿಷತ್ತುಗಳ ಹೊಣೆ.