ಹದಿನೈದು ರೂಪಾಯಿ ಪಹಣಿಯ ಹಿಂದಿನ ಪೆಟ್ಟಿಗೆ

ಏಪ್ರಿಲ್‌ನಲ್ಲಿ ಸೋದರಮಾವನ ಮಗ ಫೋನ್ ಮಾಡಿದ್ದ. ಅವನದು ಬೀಜ-ಗೊಬ್ಬರದ ಅಂಗಡಿ. ಚನ್ನಗಿರಿಯಲ್ಲಿ ಶುರುವಾದದ್ದು, ಈಗ ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೂ ಒಂದೊಂದು ಇದೆ. ನಾಲ್ಕು ಅಂಗಡಿಯ ಲೆಕ್ಕವೂ ಒಂದೇ ಕಡೆ ಸಿಗಬೇಕು, ಅದಕ್ಕೊಂದು ಡೇಟಾಬೇಸ್ ಸರ್ವರ್ ಬೇಕು ಅಂದ.

"ಬಾವಾ, ಎಷ್ಟು ಕೋರ್‌ದು ತಗಳ್ಳಿ? ಇಲ್ಲಿ ಹದಿನಾರು ಇರ್ಲಿ ಅಂತಿದಾರೆ."

ಬೆಂಗಳೂರಿನಲ್ಲಿ ಡೇಟಾಬೇಸ್ ಕಾಯ್ದುಕೊಂಡೇ ಸಂಬಳ ಎಣಿಸುವವನು ನಾನು. ಉತ್ತರ ತಟ್ಟನೆ ಬರಬೇಕಿತ್ತು. ನೆನಪಾದದ್ದು ಮಾತ್ರ ಹೊನ್ನಾಳಿ ತಾಲೂಕು ಕಚೇರಿಯ ಒಂದು ಕಿಟಕಿ.

ನಮ್ಮೂರು ಆಗ ಹೊನ್ನಾಳಿ ತಾಲೂಕಿನ ನ್ಯಾಮತಿ ಹೋಬಳಿ. ಬೆಳೆ ಸಾಲಕ್ಕೆ ಪಹಣಿ ಬೇಕು ಅಂತ ಅಜ್ಜ ನನ್ನನ್ನೂ ಬಸ್ಸು ಹತ್ತಿಸಿಕೊಂಡು ಹೋಗಿದ್ದರು. ಅಲ್ಲಿವರೆಗೆ ಪಹಣಿ ಅಂದರೆ ಗ್ರಾಮ ಲೆಕ್ಕಿಗರ ಕೈಬರಹ. ಅವರು ಸಿಗಬೇಕು, ಅವರಿಗೆ ಪುರುಸೊತ್ತಿರಬೇಕು, ಪುಸ್ತಕ ಬಿಚ್ಚಬೇಕು. ಆವತ್ತು ಮಾತ್ರ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟದ್ದು, ಸರ್ವೆ ನಂಬರ್ ಹೇಳಿದ್ದು, ಕಾಗದ ಹೊರಗೆ ಬಂದದ್ದು. ಒಳಗಿನವರಿಗೆ ಒಂದು ಪರದೆ, ನಮ್ಮ ಕಡೆಗೆ ತಿರುಗಿಸಿಟ್ಟ ಇನ್ನೊಂದು ಪರದೆ. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. "ನನ್ ಹೆಸ್ರು ಎಲ್ಲಿ ಬಂತು ತೋರ್ಸು" ಅಂದರು. ಬೆರಳಿಟ್ಟು ತೋರಿಸಿದೆ. ಬಸ್ಸಿನಲ್ಲಿ ಆ ಕಾಗದವನ್ನು ಮಡಚದೆ ಹಿಡಿದುಕೊಂಡೇ ಬಂದರು.

ಅದು 'ಭೂಮಿ' ಯೋಜನೆ. ಅದರ ಯಂತ್ರಗಳ ಕಥೆಯನ್ನು ನಾನು ಓದಿದ್ದು ಈ ಕೆಲಸಕ್ಕೆ ಬಂದ ಎಷ್ಟೋ ವರ್ಷಗಳ ನಂತರ. ಸರ್ವರ್ ಕೊಳ್ಳುವ ಮುಂಚೆ ಯಾರಾದರೂ ಓದಬೇಕಾದ ಕಥೆ ಅದು.

ಭೂದಾಖಲೆ ಕಂಪ್ಯೂಟರಿಗೆ ಏರಿಸುವ ಪ್ರಯತ್ನ ಅದಕ್ಕೂ ಹಳೆಯದು. ಕೇಂದ್ರ ಸರ್ಕಾರ 1988-89ರಲ್ಲಿ ದೇಶದ ಎಂಟು ಜಿಲ್ಲೆಗಳಲ್ಲಿ ಪ್ರಯೋಗ ಶುರು ಮಾಡಿತ್ತು, ನಮ್ಮಲ್ಲಿ ಆಮೇಲೆ ಗುಲ್ಬರ್ಗದಲ್ಲಿ. ಆಗ ಕಂಪ್ಯೂಟರ್ ಇಟ್ಟದ್ದು ಜಿಲ್ಲಾ ಕೇಂದ್ರದಲ್ಲಿ. ಜಮೀನು ಕೈ ಬದಲಾಗುವುದು, ಮ್ಯುಟೇಶನ್ ಆಗುವುದು ತಾಲೂಕಿನಲ್ಲಿ. ಇಲ್ಲಿ ಬದಲಾದದ್ದು ಅಲ್ಲಿಗೆ ಹೋಗಿ ಸೇರುವಷ್ಟರಲ್ಲಿ ಕಂಪ್ಯೂಟರಿನ ದಾಖಲೆ ಹಳಸಿಹೋಗಿರುತ್ತಿತ್ತು. ಕೈಬರಹದ ಪುಸ್ತಕವೂ ಪಕ್ಕದಲ್ಲೇ ನಡೆಯುತ್ತಿತ್ತಲ್ಲ, ಎರಡು ದಾಖಲೆ ಇದ್ದಾಗ ಜನ ನಂಬುವುದು ಪುಸ್ತಕವನ್ನೇ.

'ಭೂಮಿ' ಇದನ್ನು ತಿರುಗಿಸಿ ಹಾಕಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನ, ಎನ್‌ಐಸಿಯ ತಂತ್ರಾಂಶ. ಮದ್ದೂರಿನಲ್ಲಿ ಮೊದಲು ನಡೆಸಿ ನೋಡಿ, 2002ರ ಹೊತ್ತಿಗೆ ಆಗಿದ್ದ 177 ತಾಲೂಕುಗಳಿಗೂ ತಲುಪಿಸಿದರು. ಸರ್ವರ್ ಇದ್ದದ್ದು ತಾಲೂಕು ಕಚೇರಿಯಲ್ಲೇ, ಬದಲಾವಣೆ ನಡೆಯುವ ಜಾಗದಲ್ಲೇ. ಯಾವ ತಾಲೂಕಿನಲ್ಲಿ ಇದು ಶುರುವಾಯಿತೋ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಅಂತ ಸಾರಿಬಿಟ್ಟರು. ದಾವಣಗೆರೆ ಜಿಲ್ಲೆಯಾಗಿ (1997) ಆಗಿನ್ನೂ ನಾಲ್ಕೈದು ವರ್ಷ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದದ್ದು. ಜಿಲ್ಲಾ ಕೇಂದ್ರ ಬದಲಾದರೂ ತಾಲೂಕು ಕಚೇರಿ ಬದಲಾಗಿರಲಿಲ್ಲ. ರೈತ ಹುಡುಕಿಕೊಂಡು ಬರುವ ಬಾಗಿಲು ಅದೇ.

ಈಗ ನಮ್ಮ ಕಸುಬಿನ ಲೆಕ್ಕ ಹಾಕೋಣ. ರಾಜ್ಯದಲ್ಲಿ ಸುಮಾರು 2 ಕೋಟಿ ಪಹಣಿ. 177ರಿಂದ ಭಾಗಿಸಿದರೆ ತಾಲೂಕಿಗೆ 1.13 ಲಕ್ಷ. ಒಂದಕ್ಕೆ ಧಾರಾಳವಾಗಿ 10 ಕೆಬಿ ಅಂದುಕೊಂಡರೂ ಒಟ್ಟು 1 ಜಿಬಿ ಚಿಲ್ಲರೆ. ಆ ಕಾಲದ ಸರ್ವರ್‌ಗಳಲ್ಲಿ 9 ಜಿಬಿ, 18 ಜಿಬಿಯ ಸ್ಕಸಿ ಡಿಸ್ಕ್ ಮಾಮೂಲಿ. ದಿನಕ್ಕೆ ಮುನ್ನೂರು ಜನ ಬಂದರು ಅಂತಿಟ್ಟುಕೊಳ್ಳಿ, ನಿಮಿಷಕ್ಕೆ ಒಂದು ಕೋರಿಕೆಯೂ ಇಲ್ಲ. ಪ್ರೊಸೆಸರ್ ದಿನವಿಡೀ ಆಕಳಿಸುತ್ತ ಕೂತಿರುತ್ತದೆ.

ಹಾಗಾದರೆ ಆ ಕೋಣೆಯಲ್ಲಿ ಕೆಲಸಕ್ಕೆ ಬಂದದ್ದೇನು? ನನ್ನ ಪ್ರಕಾರ ಮೂರೂ ಸರ್ವರ್‌ನ ಹೊರಗಿದ್ದ ಸಾಮಾನುಗಳು. ಯುಪಿಎಸ್ ಒಂದು. ನಮ್ಮ ಕಡೆ ಕರೆಂಟ್ ಹೇಗೆ ಹೋಗಿಬರುತ್ತಿತ್ತು ಅಂತ ಬೆಳೆದವರಿಗೆ ಗೊತ್ತು. ಬೆರಳಚ್ಚಿನ ಯಂತ್ರ ಇನ್ನೊಂದು. ಒಳಗೆ ಹೋಗಲು ಬರೀ ಪಾಸ್‌ವರ್ಡ್ ಸಾಲದು, ನೌಕರರ ಬೆರಳೇ ಬೇಕು, ಹಾಗಾಗಿ "ನನ್ನ ಪಾಸ್‌ವರ್ಡ್ ಬೇರೆ ಯಾರೋ ಹಾಕಿದಾರೆ" ಅನ್ನುವ ಮಾತು ನಡೆಯುತ್ತಿರಲಿಲ್ಲ. ಮೂರನೆಯದು ಅಜ್ಜ ಕತ್ತು ಚಾಚಿ ನೋಡಿದ ಆ ಎರಡನೇ ಪರದೆ. ಅದರಿಂದ ಡೇಟಾಬೇಸ್ ಒಂದು ಕ್ಷಣವೂ ಬೇಗ ಓಡುವುದಿಲ್ಲ. ಇವತ್ತು ಇಂಥದ್ದೊಂದು ಪ್ರಸ್ತಾವನೆ ಬರೆದು ಕಳಿಸಿದರೆ ಮೊದಲು ಹೊಡೆದುಹಾಕುವ ಸಾಲು ಅದೇ.

ನಾನೂ ಒಮ್ಮೆ ಹಾಗೇ ಹೊಡೆದುಹಾಕಿದ್ದೆ. ಮೊದಲ ಕೆಲಸದಲ್ಲಿ ಒಂದು ಸಣ್ಣ ಕಂಪನಿಗೆ ಸರ್ವರ್ ಆರಿಸಿದವನು ನಾನೇ. ದುಡ್ಡೆಲ್ಲ ಪ್ರೊಸೆಸರಿಗೆ. ಡಿಸ್ಕ್ ಮಾತ್ರ ಲ್ಯಾಪ್‌ಟಾಪಿಗೆ ಹಾಕುವ ಅಗ್ಗದ ಎಸ್‌ಎಸ್‌ಡಿ, ಯುಪಿಎಸ್ ಮುಂದಿನ ತಿಂಗಳು ಅಂತ ಬಿಟ್ಟೆ. ಮಳೆಗಾಲದ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಬಂತು, ಡೇಟಾಬೇಸ್ ಏಳಲಿಲ್ಲ. ಅರ್ಧ ದಿನದ ಬಿಲ್ಲುಗಳನ್ನು ಹುಡುಗರು ಕಾಗದ ನೋಡಿ ಮತ್ತೆ ಕುಟ್ಟಿದರು. ನಾನು ಎಲ್ಲರಿಗೂ ಚಹಾ ತರಿಸುತ್ತ ಕೂತಿದ್ದೆ.

ಆದದ್ದು ಇಷ್ಟು. ಮಂಡಿಯ ಹಳೇ ಗುಮಾಸ್ತರು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಖಾತೆಗೆ ಏರಿಸುತ್ತಿದ್ದರು. ಖಾತೆ ಹಾಳಾದರೂ ಕಿರ್ದಿಯಿಂದ ಮತ್ತೆ ಕಟ್ಟಬಹುದು. ಡೇಟಾಬೇಸ್ ಮಾಡುವುದೂ ಅದನ್ನೇ: ಮೊದಲು ಲಾಗ್, ಆಮೇಲೆ ಟೇಬಲ್. ಆದರೆ ಅಗ್ಗದ ಡಿಸ್ಕ್, ಕಿರ್ದಿ ಇನ್ನೂ ತನ್ನ ತಾತ್ಕಾಲಿಕ ಮೆಮೊರಿಯಲ್ಲಿರುವಾಗಲೇ "ಬರೆದಾಯ್ತು" ಅಂದುಬಿಡಬಹುದು. ಕರೆಂಟ್ ಹೋದರೆ ಆ ಮಾತು ಸುಳ್ಳಾಗುತ್ತದೆ. ಸರ್ವರ್‌ಗೆಂದೇ ಮಾಡಿದ ಒಳ್ಳೆಯ ಎಸ್‌ಎಸ್‌ಡಿಗಳಲ್ಲಿ ಪುಟ್ಟ ಕೆಪಾಸಿಟರ್‌ಗಳಿರುತ್ತವೆ, ಕರೆಂಟ್ ಹೋದ ಮೇಲೂ ಕೈಯಲ್ಲಿರುವಷ್ಟನ್ನು ಬರೆದು ಮುಗಿಸಲು.

ಅವನಿಗೂ ಲೆಕ್ಕ ಹಾಕಿ ಹೇಳಿದೆ. ನಾಲ್ಕು ಅಂಗಡಿ, ಒಂದೊಂದಕ್ಕೆ ದಿನಕ್ಕೆ 200 ಬಿಲ್, ಒಟ್ಟು 800. ಹತ್ತು ತಾಸಿನ ದಿನದಲ್ಲಿ ನಿಮಿಷಕ್ಕೆ ಸುಮಾರು 1.3 ಬಿಲ್ಲು. ನಾಲ್ಕು ಕೋರ್ ಸಾಕು ಮಾರಾಯ. ಉಳಿದ ದುಡ್ಡಲ್ಲಿ ತಪ್ಪು ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್, ಆ ಕೆಪಾಸಿಟರ್ ಇರುವ ಎರಡು ಡಿಸ್ಕ್ (ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರಬೇಕು), ಬ್ಯಾಟರಿ ಮುಗಿಯುವ ಮುಂಚೆ ಸರ್ವರನ್ನು ತಾನೇ ಮಲಗಿಸುವ ಯುಪಿಎಸ್. ದಿನಾ ರಾತ್ರಿ ಒಂದು ಪ್ರತಿ ಬೇರೆ ಊರಿನ ಅಂಗಡಿಗೆ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಡೇಟಾಬೇಸ್ ಏಳುತ್ತದಾ ನೋಡಬೇಕು, ಇದನ್ನು ಮಾತ್ರ ಯಾರೂ ಮಾಡುವುದಿಲ್ಲ.

"ಕ್ಲೌಡ್‌ನಾಗೆ ಇಟ್ರೆ?" ಅಂದ. ಇಡಬಹುದು. 'ಭೂಮಿ' ಕೂಡ ಆ ದಾರಿಗೇ ಬಂತು. ನ್ಯಾಮತಿ 2018ರಲ್ಲಿ ತಾಲೂಕಾಗುವ ಹೊತ್ತಿಗೆ ಪಹಣಿಯನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ತೆಗೆಯುವ ಕಾಲ ಬಂದಿತ್ತು. ಹೊನ್ನಾಳಿಗೆ ಬಂದಂಥ ಪೆಟ್ಟಿಗೆಯ ಸುತ್ತ ಹೊಸ ತಾಲೂಕನ್ನು ಕಟ್ಟಬೇಕಿರಲಿಲ್ಲ, ನೆಟ್‌ವರ್ಕ್ ಸಾಕಿತ್ತು. "ಆದ್ರೆ ಜೂನ್‌ನಾಗೆ ಬಿತ್ತನೆ ಟೈಮಿಗೆ ಜಗಳೂರಲ್ಲಿ ನೆಟ್ ಹೋದ್ರೆ?" ಅಂತ ನಾನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಕ್ಯೂನಾಗೆ ನಿಂತೋರು ನನ್ನ ಬಿಡಲ್ಲ ಬಾವಾ." ಕೊನೆಗೆ ಸರ್ವರ್ ಹೊನ್ನಾಳಿಯಲ್ಲಿ, ನೆಟ್ ಇಲ್ಲದಾಗ ಆಯಾ ಅಂಗಡಿ ತನ್ನ ಬಿಲ್ಲನ್ನು ತಾನೇ ಹಿಡಿದಿಟ್ಟುಕೊಂಡು ಆಮೇಲೆ ಕಳಿಸುವುದು ಅಂತಾಯಿತು. ಗಿರಾಕಿಯ ಕಡೆ ತಿರುಗುವ ಎರಡನೇ ಪರದೆಯನ್ನೂ ಪಟ್ಟಿಗೆ ಸೇರಿಸಿದೆ. ಅದಕ್ಕೆ ಚೌಕಾಸಿ ಮಾಡಿದ, ನಾನು ಬಿಡಲಿಲ್ಲ.

ಮೇ ಕೊನೆಗೆ ಸರ್ವರ್ ಬಂತು ಅಂತ ಫೋಟೋ ಕಳಿಸಿದ. ನೆಲದ ಮೇಲೆ, ಯೂರಿಯಾ ಮೂಟೆಗಳ ಪಕ್ಕ. ಗೊಬ್ಬರ ಗಾಳಿಯ ತೇವ ಎಳೆದು ತಗಡಿಗೆ ತುಕ್ಕು ಹಿಡಿಸುತ್ತದೆ ಅಂತ ಗೊಬ್ಬರದ ಅಂಗಡಿಯವನಿಗೇ ನಾನು ಹೇಳಬೇಕಾಯಿತು. ತಕ್ಷಣ ಫೋನ್ ಮಾಡಿದೆ.

"ಮೇಲೆ ದೇವರ ಫೋಟೋ ಇರೋ ರೂಮಿಗೆ ಇಡ್ತೀನಿ ಬಿಡಿ," ಅಂದ. "ಅಲ್ಲಿ ಯಾರೂ ಚಪ್ಪಲಿ ಹಾಕ್ಕಂಡು ಹೋಗಲ್ಲ."