ಈಮ್ ಗ್ರಾಮದ ಎಲ್ಲೆಗಲ್ಲು

ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಬೆಟ್ಟಗಳ ನಡುವೆ ಈಮ್ ಎಂಬ ಒಂದು ಗ್ರಾಮವಿದೆ. ಸೀಸದ ಗಣಿಗಾರಿಕೆ ಮತ್ತು ಕುರಿ ಸಾಕಣೆಯಿಂದ ಬದುಕುತ್ತಿದ್ದ ಈ ಊರಿಗೆ 1665ರಲ್ಲಿ ಬಂದ ವಿಪತ್ತು ಒಂದು ಬಟ್ಟೆಯ ಗಂಟಿನ ಮೂಲಕ ಪ್ರವೇಶಿಸಿತೆಂಬುದು ಪರಂಪರೆಯಿಂದ ಬಂದ ವೃತ್ತಾಂತ. ಆ ವರ್ಷ ಲಂಡನ್ ನಗರದಲ್ಲಿ ಪ್ಲೇಗು ವಿಕೋಪಕ್ಕೆ ಹೋಗಿ, ದಾಖಲೆಗೆ ಸಿಕ್ಕ ಪ್ಲೇಗಿನ ಸಾವುಗಳೇ 68,000ಕ್ಕೂ ಮಿಕ್ಕಿದ್ದವು. ಅಲ್ಲಿಂದ ಸುಮಾರು 150 ಮೈಲಿ ದೂರದ ಈಮ್‌ನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಎಂಬಾತನ ಮನೆಗೆ ಬಟ್ಟೆ ಬಂದಿತು. ತೇವಗೊಂಡಿದ್ದ ಆ ಬಟ್ಟೆಯನ್ನು ಅವನ ಸಹಾಯಕ ಜಾರ್ಜ್ ವಿಕರ್ಸ್ ಬೆಂಕಿಯ ಮುಂದೆ ಹರಡಿ ಒಣಗಿಸಿದನು. ಸೆಪ್ಟೆಂಬರ್ 7ರಂದು ಅವನ ಶವಸಂಸ್ಕಾರವಾಯಿತು. ಅದೇ ತಿಂಗಳು ಮನೆಯೊಡತಿಯ ಮೊದಲ ಗಂಡನ ಮಗನಾದ ಬಾಲಕ ಎಡ್ವರ್ಡ್ ಕೂಪರ್ ತೀರಿಕೊಂಡನು. ಅವನ ಹಿಂದೆಯೇ ಅವನ ಸೋದರನೂ ಹೋದನು. ಸರಕಿನೊಡನೆ ಬರುವ ಆ ಕಾಣದ ಮತ್ತೊಂದು ಸರಕು ನಿಜಕ್ಕೂ ಏನೆಂಬ ತಿಳಿವಳಿಕೆ ಆಗಿನ ವರ್ತಕರಿಗೂ ಇರಲಿಲ್ಲ, ವೈದ್ಯರಿಗೂ ಇರಲಿಲ್ಲ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಗುರುತಿಸಿದ್ದು 1894ರಲ್ಲಿ. ಇಲಿಯಿಂದ ಚಿಗಟ, ಚಿಗಟದಿಂದ ಮನುಷ್ಯ ಎಂಬ ದಾರಿಯನ್ನು ಸಿಮೊಂಡ್ ಕಂಡುಕೊಂಡಿದ್ದು 1898ರಲ್ಲಿ, ನಮ್ಮ ಉಪಖಂಡದ ಕರಾಚಿಯಲ್ಲಿ.

ಚಳಿಗಾಲದಲ್ಲಿ ಕುಗ್ಗಿದ ರೋಗವು 1666ರ ಬೇಸಿಗೆಯಲ್ಲಿ ಮತ್ತೆ ತಲೆಯೆತ್ತಿತು. ಅನುಕೂಲಸ್ಥರಾದ ಕೆಲವರು ಅಷ್ಟರಲ್ಲಿ ಊರು ಬಿಟ್ಟಿದ್ದರು. ಉಳಿದವರೂ ಹೊರಡಲು ಅಣಿಯಾದಾಗ ತಡೆದವರು ಇಬ್ಬರು ಧರ್ಮಗುರುಗಳು. ವಿಲಿಯಂ ಮಾಂಪೆಸನ್ ಇನ್ನೂ ಮೂವತ್ತು ತುಂಬದ ಯುವಕ, ಊರಿಗೆ ಹೊಸಬ. ಥಾಮಸ್ ಸ್ಟಾನ್ಲಿ ಅವನಿಗಿಂತ ಹಿಂದೆ ಅದೇ ಪೀಠದಲ್ಲಿದ್ದು, ರಾಜ್ಯದ ಹೊಸ ಮತವಿಧಿಗಳನ್ನು ಒಪ್ಪದೆ ಪದಚ್ಯುತನಾದವನು. ಜನರ ವಿಶ್ವಾಸವಿದ್ದದ್ದು ಹಳಬನ ಮೇಲೆ. ತತ್ತ್ವದಲ್ಲಿ ಪರಸ್ಪರ ವಿರೋಧಿಗಳಾಗಿದ್ದ ಈ ಇಬ್ಬರೂ ಒಟ್ಟಿಗೆ ನಿಂತು, ರೋಗವು ನೆರೆಯೂರುಗಳಿಗೆ ಹರಡದಂತೆ ಯಾರೂ ಗ್ರಾಮದ ಎಲ್ಲೆ ದಾಟಬಾರದೆಂದು ಜನರನ್ನು ಒಪ್ಪಿಸಿದರು. ಮಾಂಪೆಸನ್ ತನ್ನ ಮಕ್ಕಳನ್ನು ಅದಕ್ಕೆ ಮೊದಲೇ ಹೊರಗೆ ಕಳುಹಿಸಿದ್ದನೆಂಬುದನ್ನೂ ಇಲ್ಲಿ ಹೇಳಲೇಬೇಕು. ಇತರರ ಮಕ್ಕಳು ಉಳಿದರು. ಅವನ ಹೆಂಡತಿ ಕ್ಯಾಥರೀನ್ ಗಂಡನನ್ನು ಬಿಟ್ಟು ಹೋಗಲಿಲ್ಲ. ಆಗಸ್ಟ್ 25ರಂದು ಅವಳೂ ಅದೇ ರೋಗಕ್ಕೆ ಬಲಿಯಾದಳು.

ಆಗಿನ ಲಂಡನ್ನಿನಲ್ಲಿ ರೋಗ ಬಂದ ಮನೆಯ ಬಾಗಿಲಿಗೆ ಕೆಂಪು ಶಿಲುಬೆ ಬರೆದು, ಒಳಗಿದ್ದವರೆಲ್ಲರನ್ನೂ ಸೇರಿಸಿ ಬೀಗ ಹಾಕಿ, ಹೊರಗೆ ಕಾವಲಿಡುತ್ತಿದ್ದರು. ಈಮ್‌ನ ಎಲ್ಲೆಯಲ್ಲಿ ಅಂತಹ ಕಾವಲುಗಾರನಿರಲಿಲ್ಲ. ಹಾಗಾದರೆ ಊಟಕ್ಕೇನು ಗತಿ? ಚಾಟ್ಸ್‌ವರ್ತ್‌ನ ಅರಮನೆಯಲ್ಲಿದ್ದ ಡೆವನ್‌ಷೈರ್ ಅರ್ಲ್ ಆಹಾರ ಸಾಮಗ್ರಿಗಳನ್ನು ಕಳುಹಿಸಿದನು. ನೆರೆಯ ಗ್ರಾಮಸ್ಥರು ಎಲ್ಲೆಯ ಬಳಿ ಪದಾರ್ಥಗಳನ್ನಿಟ್ಟು ದೂರ ಸರಿಯುತ್ತಿದ್ದರು. ಸ್ಟೋನಿ ಮಿಡ್ಲ್‌ಟನ್ ಕಡೆಯ ಎಲ್ಲೆಗಲ್ಲಿನಲ್ಲಿ ಕೊರೆದ ಆರು ಕುಳಿಗಳು ಇಂದಿಗೂ ಇವೆ. ಆ ಕುಳಿಗಳಿಗೆ ಹುಳಿರಸ, ಅಂದರೆ ವಿನೆಗರ್ ತುಂಬಿ, ಅದರೊಳಗೆ ನಾಣ್ಯಗಳನ್ನಿಡುತ್ತಿದ್ದರು. ಊರ ಮೇಲ್ಗಡೆಯ ಒಂದು ಚಿಲುಮೆಯ ಹರಿಯುವ ನೀರಿನಲ್ಲಿಯೂ ಹೀಗೆಯೇ ಹಣವಿಡುತ್ತಿದ್ದರು. ಅದಕ್ಕೆ ಇಂದು ಮಾಂಪೆಸನ್ನನ ಬಾವಿಯೆಂದೇ ಹೆಸರು. ಪ್ಲೇಗು ನಾಣ್ಯದಿಂದ ಹರಡುವುದು ವಿರಳವೆಂದು ಇಂದು ಗೊತ್ತಿದೆ. ಆ ಹುಳಿರಸದಿಂದ ಆದ ಪ್ರಯೋಜನ ಅಲ್ಪವೇ ಇರಬಹುದು. ಆದರೆ ಲೆಕ್ಕ ಬಲ್ಲವರು ಇನ್ನೊಂದನ್ನು ಗಮನಿಸುವರು: ಸಾಯುತ್ತಿದ್ದ ಊರು ಪದಾರ್ಥದ ಬೆಲೆಯನ್ನು ಬಾಕಿಯಿಡದೆ ತೆತ್ತಿತು, ಅದನ್ನು ತೊಳೆದು ತೆತ್ತಿತು.

ಚರ್ಚಿನ ಬಾಗಿಲು ಮುಚ್ಚಿತು. ಪ್ರಾರ್ಥನೆಯು ಕಕ್ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಯಲ್ಲಿ, ಒಂದು ಕುಟುಂಬದಿಂದ ಇನ್ನೊಂದು ಕುಟುಂಬ ದೂರ ನಿಂತು ನಡೆಯಿತು. ಸತ್ತವರನ್ನು ಸ್ಮಶಾನಕ್ಕೆ ಒಯ್ಯದೆ, ಆಯಾ ಮನೆಯವರೇ ತಮ್ಮ ಹಿತ್ತಲಲ್ಲೋ ಹೊಲದಲ್ಲೋ ಹೂಳಬೇಕೆಂದು ನಿಶ್ಚಯಿಸಿದರು. ಕೇಳಲು ಸುಲಭವಾದ ಈ ನಿಯಮ ಒಂದು ಮನೆಗೆ ಏನಾಗಿ ಬಂತೆಂಬುದಕ್ಕೆ ಎಲಿಜಬೆತ್ ಹ್ಯಾನ್‌ಕಾಕ್ ಸಾಕ್ಷಿ. ಊರಿಗೆ ತುಸು ದೂರ ರೈಲಿ ಎಂಬಲ್ಲಿ ಅವಳ ಮನೆ. 1666ರ ಆಗಸ್ಟ್ 3ರಿಂದ 10ರವರೆಗೆ, ಎಂಟು ದಿನಗಳಲ್ಲಿ, ಅವಳ ಗಂಡನೂ ಆರು ಮಕ್ಕಳೂ ಸತ್ತರು. ಗುಂಡಿ ತೋಡಿದವಳೂ ಅವಳೇ, ಶವಗಳನ್ನು ಎಳೆದುಕೊಂಡು ಹೋದವಳೂ ಅವಳೇ. ನೆರವಿಗೆ ಯಾರೂ ಬರುವಂತಿರಲಿಲ್ಲ. ಅವಳು ಕರೆಯುವಂತೆಯೂ ಇರಲಿಲ್ಲ.

ಎಲ್ಲರೂ ಒಂದೇ ಬಗೆಯವರೆಂದು ಭಾವಿಸಬೇಕಿಲ್ಲ. ಮಾರ್ಷಲ್ ಹೋವ್ ಎಂಬವನು ರೋಗ ಬಂದು ಗುಣವಾದವನು. ತನಗಿನ್ನು ಭಯವಿಲ್ಲವೆಂದು ತಿಳಿದು, ಹೂಳುವವರಿಲ್ಲದ ಮನೆಗಳ ಶವಗಳನ್ನು ಹೂಳಿ, ಪ್ರತಿಫಲವಾಗಿ ಸತ್ತವರ ಬಟ್ಟೆಬರೆ ಸಾಮಾನುಗಳನ್ನು ಮನೆಗೆ ತರುತ್ತಿದ್ದನು. ಅವನ ಹೆಂಡತಿಯೂ ಮಗನೂ ಪ್ಲೇಗಿನಿಂದ ಸತ್ತರು. ತಾನು ತಂದ ವಸ್ತುಗಳೇ ಅದಕ್ಕೆ ಕಾರಣವೆಂದು ಅವನು ಕಡೆಯವರೆಗೂ ನಂಬಿದ್ದನಂತೆ.

ನವೆಂಬರ್ ಆರಂಭದಲ್ಲಿ ರೋಗ ನಿಂತಿತು. ಸತ್ತವರು ಸುಮಾರು 260 ಮಂದಿ. ಎಲ್ಲೆ ಹಾಕಿಕೊಂಡದ್ದು ಸರಿಯೇ ಎಂಬ ಚರ್ಚೆ ಇತಿಹಾಸಜ್ಞರಲ್ಲಿ ಮುಗಿದಿಲ್ಲ. ಅದು ಊರೊಳಗಿನ ಸಾವುಗಳನ್ನು ಹೆಚ್ಚಿಸಿತೆಂದು ಕೆಲವರು ಹೇಳುವರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಮನೆಯಲ್ಲಿ ಇಲಿ ಬಿದ್ದೊಡನೆ ಬಾಗಿಲು ಮುಚ್ಚಿ ಬಯಲಿನ ಗುಡಿಸಲುಗಳಿಗೆ ಹೋದ ನಮ್ಮ ಹಿರಿಯರ ಅನುಭವವೂ ಅದನ್ನೇ ಸೂಚಿಸುತ್ತದೆ. ಆದರೆ ಈಮ್‌ನ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿ ರೋಗವು ಸುಮಾರು ಮುಕ್ಕಾಲು ಪಾಲು ಮನುಷ್ಯರಿಂದ ಮನುಷ್ಯರಿಗೆ, ಅದರಲ್ಲಿಯೂ ಒಂದೇ ಮನೆಯವರ ನಡುವೆ ಹೆಚ್ಚಾಗಿ ಹರಡಿತೆಂದು ಅಂದಾಜಿಸಿದೆ. ಹಾಗಿದ್ದಲ್ಲಿ ಗುಂಪುಗಳನ್ನು ಬಿಡಿಸಿದ್ದೂ, ಶವಸಂಸ್ಕಾರವನ್ನು ಮನೆಗೇ ಸೀಮಿತಗೊಳಿಸಿದ್ದೂ ವ್ಯರ್ಥವಾಗಿರಲಾರದು.

ಮಾಂಪೆಸನ್ 1669ರಲ್ಲಿ ಈಕ್ರಿಂಗ್ ಎಂಬ ಊರಿಗೆ ವರ್ಗವಾದಾಗ, ಪ್ಲೇಗಿನ ಊರಿನವನೆಂದು ಹೆದರಿದ ಜನ ಅವನನ್ನು ಒಳಗೆ ಬಿಡಲಿಲ್ಲವೆಂದೂ, ಭಯ ತಗ್ಗುವವರೆಗೆ ಅವನು ಹೊರಗಿನ ಗುಡಿಸಲಿನಲ್ಲಿದ್ದನೆಂದೂ ಹೇಳುತ್ತಾರೆ. ಎಲಿಜಬೆತ್ ಹ್ಯಾನ್‌ಕಾಕ್‌ಗೆ ಉಳಿದಿದ್ದವನು ಕಸುಬು ಕಲಿಯಲು ಹೊರಗಿದ್ದ ಒಬ್ಬ ಮಗ ಮಾತ್ರ. ಏಳು ಗೋರಿಗಳನ್ನು ಹಿಂದೆ ಬಿಟ್ಟು ಅವಳು ಷೆಫೀಲ್ಡ್‌ಗೆ, ಅವನಿದ್ದಲ್ಲಿಗೆ ಹೋದಳು.